‘ಬೆಳಕು ಸರಿ ಇತ್ತು, ಹಳದಿ ಇದ್ದದ್ದು ನಾನು!’
ದೇವರಗುಡ್ಡದ ಭಂಡಾರದೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶನ ದರ್ಶನ ಮುಗಿಸಿ ಬಂದವರ ಹಣೆ, ಕೊರಳು, ಅಂಗಿ, ಮೊಬೈಲಿನ ಕವರು ಎಲ್ಲದರ ಮೇಲೂ ಭಂಡಾರ, ಅಂದರೆ ದೇವರ ಅರಿಶಿನ ಪುಡಿ, ಇರುತ್ತದೆ. ಅವರು ತೆಗೆದ ಫೋಟೊದಲ್ಲಿ ಮಾತ್ರ ಭಂಡಾರದ ಬಣ್ಣ ಇರುವುದಿಲ್ಲ. ಒಬ್ಬರದರಲ್ಲಿ ಅದು ಎಳೆ ನಿಂಬೆ, ಇನ್ನೊಬ್ಬರದರಲ್ಲಿ ಕಿತ್ತಳೆ, ಮತ್ತೊಬ್ಬರದರಲ್ಲಿ ಸರ್ಕಾರಿ ವಸತಿಗೃಹದ ಡಿಸ್ಟೆಂಪರ್. ಡಿಜಿಟಲ್ ಫೋಟೊದ ಬಣ್ಣ ತಿದ್ದುವ ಬಗ್ಗೆ ಪತ್ರಿಕೆಗಳು ಪರಿಣತರನ್ನು ಮಾತಾಡಿಸಿವೆ, ಕ್ಯಾಮೆರಾ ಮಾರುವವರನ್ನು ಮಾತಾಡಿಸಿವೆ. ತಿದ್ದುಪಡಿಗೆ ಒಳಗಾದವರನ್ನು ಯಾರೂ ಮಾತಾಡಿಸಿಲ್ಲ. ಆ ಕೊರತೆ ನೀಗಲೆಂದು, ಮಾಲತೇಶನ ಸೇವೆಗೆ ನಿಂತ ಗೊರವಪ್ಪನೊಬ್ಬನ ಚೀಲದಲ್ಲಿ ವಿಶ್ರಾಂತಿ ಪಡೆಯುತ್ತಿದ್ದ ಭಂಡಾರವನ್ನೇ ಭೇಟಿಯಾದೆವು.

ನಮಸ್ಕಾರ. ತಮ್ಮ ದೂರು ಏನು?

ದೂರಲ್ಲ ತಮ್ಮಾ, ನ್ಯಾಯ ಕೇಳಾಕತ್ತೇನಿ. ನಿಮ್ಮ ಫೋನಿನ್ಯಾಗ ‘ಆಟೋ’ ಅಂತ ಒಂದೈತಲ್ಲ, ಅದು ನನ್ನ ನೋಡಿದ ಕೂಡ್ಲೇ ‘ಇಲ್ಲಿ ಹಳದಿ ಭಾಳ ಆಗೈತಿ, ಬೆಳಕಿನ್ಯಾಗ ಏನೋ ಐಬು ಐತಿ’ ಅಂತ ತೀರ್ಪು ಕೊಡ್ತೈತಿ. ಕೊಟ್ಟು, ಇಡೀ ಚಿತ್ರಕ್ಕ ನೀಲಿ ಬೆರಸ್ತೈತಿ. ನಾ ಬಿಳಚಿಕೊಂಡು ಕುಂದರ್ತೇನಿ, ಗೊರವಪ್ಪನ ಕರೇ ಕಂಬಳಿ ನೀಲಿ ಹೊಡೀತೈತಿ. ಬೆಳಕು ಸರಿ ಇತ್ತು. ಹಳದಿ ಇದ್ದದ್ದು ನಾನು!

ಆದರೆ ಆಟೋ ವೈಟ್ ಬ್ಯಾಲೆನ್ಸ್ ಎಂಬುದು ಲೆಕ್ಕಾಚಾರದ ಮೇಲೆ ನಡೆಯುತ್ತದಲ್ಲವೇ?

ಯಾವ ಲೆಕ್ಕ? ಕಣ್ಣ ಮುಂದಿನ ಎಲ್ಲಾ ಬಣ್ಣ ಕೂಡಿಸಿ ಭಾಗಿಸಿದ್ರ ಬೂದು ಬರಬೇಕು ಅನ್ನೂ ಲೆಕ್ಕ. ಈಗಿನ ಫೋನು ಅದಕ್ಕ ಇನ್ನಷ್ಟು ಬುದ್ಧಿ ಸೇರಿಸ್ಯಾವ, ಖರೆ. ಆದ್ರ ಬುಡದಾಗಿನ ನಂಬಿಕಿ ಅದ. ಸರಾಸರಿ ಬೀದಿ, ಸರಾಸರಿ ಮನಿ ಆದ್ರ ನಡೀತೈತಿ. ದಸರಾದಾಗ ದೇವರಗುಡ್ಡ ಸರಾಸರಿ ಊರೇನು? ಮಹಾರಾಷ್ಟ್ರದ ಜೇಜುರಿಗೆ ಹೋಗಿ ನೋಡು, ಅಲ್ಲಿ ಇದ ಸ್ವಾಮಿ ಖಂಡೋಬಾ ಆಗ್ಯಾನ, ಅಲ್ಲಿ ಗುಡಿ ಮೆಟ್ಟಲಾ ನಾನ, ಮಾಡಾ ನಾನ. ಜನ ‘ಬಂಗಾರದ ಜೇಜುರಿ’ ಅಂತಾರ. ನಿಮ್ಮ ಆಟೋ ಆ ಬಂಗಾರ ನೋಡಿ ‘ತಪ್ಪಾಗೈತಿ, ಸರಿ ಮಾಡ್ತೇನಿ’ ಅಂತೈತಿ.

ಇದರಲ್ಲಿ ಸಂಚಿದೆ ಎಂದು ತಮ್ಮ ಅಭಿಪ್ರಾಯವೇ?

ಸಂಚಿಲ್ಲ, ಸೀಟು ಹಂಚಿಕಿ ಐತಿ. ಕೊಡಾಕ್ ಕಂಪನಿಯ ಬ್ರೈಸ್ ಬೇಯರ್ ಅನ್ನೂ ವಿಜ್ಞಾನಿ 1976ರಾಗ ಒಂದು ಪೇಟೆಂಟ್ ತಗೊಂಡ. ಇವತ್ತಿಗೂ ಬಹಳಷ್ಟು ಕ್ಯಾಮೆರಾದ ಸೆನ್ಸಾರ್ ಮ್ಯಾಲ ಅವನ ಜಾಳಿಗಿನ ಐತಿ. ಅದರಾಗ ಹಸರಿಗೆ ಅರ್ಧ ಸೀಟು, ಕೆಂಪಿಗೆ ಕಾಲು, ನೀಲಿಗೆ ಕಾಲು. ಹಳದಿಗೆ? ಒಂದೂ ಇಲ್ಲ! ಕೆಂಪಿನವರು ಹಸರಿನವರು ಕೂಡಿ ‘ಇಲ್ಲಿ ಹಳದಿ ಐತಿ’ ಅಂತ ಸಾಕ್ಷಿ ಹೇಳಿದ್ರಷ್ಟ ನಾ ಇದ್ದಂಗ. ಸಮ್ಮಿಶ್ರ ಸರ್ಕಾರದಾಗ ಬದುಕೂದು ಅಂದ್ರ ಏನಂತ ಕರ್ನಾಟಕದವರಿಗೆ ನಾ ಬಿಡಿಸಿ ಹೇಳಬೇಕೇನು? ಒಬ್ಬಾಂವ ಜರಾ ಜಗ್ಗಿದ್ರ ನಾ ಕಿತ್ತಳೆ, ಇನ್ನೊಬ್ಬಾಂವ ಜಗ್ಗಿದ್ರ ಹಸರು.

ಹಾಗಾದರೆ ಓದುಗರು ಏನು ಮಾಡಬೇಕು? ಸುಲಭದ ದಾರಿ ಹೇಳಿ.

ಮೊದಲು ಬಣ್ಣ ಮುಟ್ಟಬ್ಯಾಡ್ರಿ, ಬೆಳಕು ನೋಡ್ರಿ. ಕಾರ್ಣಿಕದ ಭವಿಷ್ಯ ನುಡಿಯಾಕ ಬಿಲ್ಲೇರಿದ ಗೊರವಪ್ಪನ ಹಿಂದ ಬರೇ ಆಕಾಶ. ಕ್ಯಾಮೆರಾ ಆಕಾಶಕ್ಕ ಹೆದರಿ ಅವನ್ನ ಇದ್ದಲಿ ಮಾಡಿರ್ತೈತಿ. ಕತ್ತಲಾದ ಚಿತ್ರದಾಗ ಬಣ್ಣ ಹುಡುಕಿದ್ರ ಸಿಗೂದು ಕೆಸರ. ಎಕ್ಸ್‌ಪೋಜರ್ ಎತ್ತಿ, ನೆರಳು ಜರಾ ತೆರೆದು, ಆಮ್ಯಾಲ ವೈಟ್ ಬ್ಯಾಲೆನ್ಸ್. ಸ್ನ್ಯಾಪ್‌ಸೀಡ್ ಇರಲಿ, ಲೈಟ್‌ರೂಮ್ ಇರಲಿ, ಅದರಾಗ ಪಿಚಕಾರಿಯಂಥದ್ದೊಂದು ಐತಿ, ಐಡ್ರಾಪರ್. ಬೂದು ಅಥವಾ ಬಿಳಿ ಇರೂ ಜಾಗದ ಮ್ಯಾಲ ಅದನ್ನ ಒತ್ತಿದ್ರ, ‘ಇದು ಬಣ್ಣ ಇಲ್ಲದ ಜಾಗ’ ಅಂತ ತಿಳಕೊಂಡು ಉಳಿದದ್ದನ್ನ ಅದಕ್ಕ ಹೊಂದಿಸ್ತೈತಿ. ಎಲ್ಲಿ ಒತ್ತತೀಯೋ ಅದರಾಗ ಎಲ್ಲಾ ಐತಿ.

ಬಿಳಿ ಧೋತರದ ಮೇಲೆ ಒತ್ತಬಹುದಲ್ಲ?

ಅಲ್ಲೇ ಎಲ್ಲಾರೂ ಕೆಡೂದು! ಧೋತರಕ್ಕ ಅವರ ಮನಿಯಾಗ ನೀಲಿ ಹಾಕಿರ್ತಾರ. ಇಲ್ಲಾಂದ್ರ ಸೋಪಿನ ಪುಡ್ಯಾಗ ಹೊಳಪಿನ ರಸಾಯನ ಇರ್ತೈತಿ, ಬಿಸಿಲಿನ್ಯಾಗ ಅದು ನೀಲಿ ಉಗುಳ್ತೈತಿ. ಆ ನೀಲಿನ್ನ ಬಿಳಿ ಅಂತ ನಂಬಿ ಪಿಚಕಾರಿ ಇಡೀ ಚಿತ್ರಕ್ಕ ಹಳದಿ ಸುರೀತೈತಿ. ರಾಜಕಾರಣಿಗಳ ಬಿಳಿ ಅಂಗಿ ಅಂತೂ ಕೇಳಬ್ಯಾಡ, ಅದನ್ನ ಯಾವುದಕ್ಕೂ ಅಳತಿ ಮಾಡಬಾರದು. ಬಿಸಿಲಿಗೆ ಸುಟ್ಟು ಪೂರಾ ಬೆಳ್ಳಗಾದ ಜಾಗಾನೂ ಬ್ಯಾಡ. ಅಲ್ಲಿ ಮೂರೂ ಬಣ್ಣ 255ಕ್ಕ ಹೋಗಿ ಕುಂತಿರ್ತಾವ, ಹೇಳಾಕ ಅವುಗಳ ಹತ್ರ ಏನೂ ಉಳಿದಿರೂದಿಲ್ಲ.

ಕಂಬಳಿ?

ಭಾಳ ಕಪ್ಪು, ಅಲ್ಲಿ ಬರೇ ಕಾಳು ಕಾಳು ಸಿಗ್ತೈತಿ. ಅದೂ ಅಲ್ದ ಕುರಿ ಉಣ್ಣಿ ಬಿಸಿಲಿಗೆ ಕಂದಗಾಗಿರ್ತೈತಿ. ನನ್ನ ಕೇಳಿದ್ರ, ಹಣಿಮ್ಯಾಲಿನ ವಿಭೂತಿ ನೋಡು. ತುಸು ಬೆಚ್ಚಗಿನ ಬೂದು, ಆದ್ರೂ ಮಂದಿ ನಡುವ ಸಿಗೂದರಾಗ ಅದ ವಾಸಿ. ಒಂದ ಎಚ್ಚರ: ಅದರ ಮ್ಯಾಲ ನಾ ಬಿದ್ದಿರಬಾರದು. ದೇವರಗುಡ್ಡದಾಗ ನಾ ಬೀಳದ ಹಣಿ ಹುಡುಕೂದು ನಿನ್ನ ಪಾಡು. ಅಷ್ಟು ತ್ರಾಸು ಬ್ಯಾಡ ಅಂದ್ರ 18 ಪ್ರತಿಶತದ ಗ್ರೇ ಕಾರ್ಡ್ ಮಾರ್ತಾರ, ಕಿಸೆದಾಗ ಇಟಗೊಂಡು ಹೋಗಿ, ಅದ ಬೆಳಕಿನ್ಯಾಗ ಅದನ್ನ ಹಿಡಿದು ಒಂದು ಫೋಟೊ ತಗಿ. ಆಮ್ಯಾಲ ಅದರ ಮ್ಯಾಲ ಒತ್ತಿ, ಆ ಅಳತಿನ್ನ ಉಳಿದ ಫೋಟೊಕ್ಕ ನಕಲು ಮಾಡು. ಬೆಳಕು ಬದಲಾತು ಅಂದ್ರ ಮತ್ತೊಂದು. ಜಾತ್ರ್ಯಾಗ ಬಳಿ ಅಂಗಡಿ ಮ್ಯಾಲ ನೀಲಿ ತಾಡಪಾಲು ಕಟ್ಟಿರ್ತಾರ, ಅದರ ಕೆಳಗ ನಿಂತ ಮಂದಿ ನೀಲಿ. ಪಕ್ಕದಾಗ ಕೆಂಪು ಪೆಂಡಾಲು, ಅಲ್ಲಿ ಊಟಕ್ಕ ಕುಂತವರೆಲ್ಲ ಕೆಂಪು. ಎರಡಕ್ಕೂ ಒಂದ ಔಷಧ ಕೊಟ್ರ ಒಬ್ಬರಿಗೆ ಇಳೀತೈತಿ, ಇನ್ನೊಬ್ಬರಿಗೆ ಏರ್ತೈತಿ.

ಕೆಲ್ವಿನ್ ಅಂತ ಸಂಖ್ಯೆ ಇರುತ್ತದಲ್ಲ, ಅದು ಎಲ್ಲರನ್ನೂ ಗೊಂದಲಕ್ಕೆ ಕೆಡವುತ್ತದೆ.

ಗೊಂದಲ ಏನೈತಿ? ದೀವಟಿಗಿ ಬೆಳಕು 2000ದ ಆಸುಪಾಸು, ಹಳೇ ಗುಂಡು ಬಲ್ಬು 2700ರಿಂದ 3000, ಮಧ್ಯಾಹ್ನದ ಬಿಸಿಲು 5500, ಬಯಲಿನ ನೆರಳು 7000 ದಾಟ್ತೈತಿ. ಸಂಖ್ಯೆ ಏರಿದಂಗ ಬೆಳಕು ನೀಲಿ. ಆದ್ರ ಕ್ಯಾಮೆರಾದಾಗ ಸಂಖ್ಯೆ ಏರಿಸಿದ್ರ ಚಿತ್ರ ಹಳದಿ ಆಗ್ತೈತಿ! ಯಾಕಂದ್ರ ನೀ ಅದಕ್ಕ ‘ಬೆಳಕು ಇಷ್ಟು ನೀಲಿ ಐತಿ’ ಅಂತ ಹೇಳಾಕತ್ತಿ, ಅದು ‘ಹಂಗಾರ ಅಷ್ಟು ಹಳದಿ ಕೊಡ್ತೇನಿ’ ಅಂತೈತಿ. ಪಕ್ಕದಾಗ ‘ಟಿಂಟ್’ ಅಂತ ಇನ್ನೊಂದು ಕಡ್ಡಿ ಐತಿ, ಹಸರಿನಿಂದ ನಸುಗೆಂಪಿಗೆ ಹೋಗೂದು. ಟ್ಯೂಬ್‌ಲೈಟಿನ ಕೆಳಗ ಮಂದಿ ಹಸರ ಹಸರ ಕಂಡ್ರ ಅದನ್ನ ಜಗ್ಗಬೇಕು. ಎಲ್ಲಾರೂ ಮೊದಲನೇದ್ದನ್ನ ಎಳೆದಾಡಿ ಕೈಚೆಲ್ಲತಾರ, ಎರಡನೇದ್ದು ಇದ್ದದ್ದ ಗೊತ್ತಿರೂದಿಲ್ಲ. ಹಳೇ ಸೋಡಿಯಂ ದೀಪದ ಕೆಳಗ ತಗದದ್ದು ಮಾತ್ರ ನನ್ನ ಹತ್ರ ತರಬ್ಯಾಡ. ಆ ಬೆಳಕಿನ್ಯಾಗ ಹಳದಿ ಬಿಟ್ಟು ಉಳಿದ ಬಣ್ಣ ಬರೇ ನೆಪಕ್ಕ ಇರ್ತಾವ. ಇಲ್ಲದ್ದನ್ನ ಯಾವ ಆಪೂ ಹುಟ್ಟಸೂದಿಲ್ಲ.

‘ರಾ’ ಕಡತದಲ್ಲೇ ತೆಗೆಯಿರಿ ಎಂದು ತಿಳಿದವರು ಹೇಳುತ್ತಾರೆ. ಹಾಗೆಂದರೆ ಏನೆಂದು ನಮ್ಮ ಓದುಗರಿಗೆ ಹೇಗೆ ವಿವರಿಸೋಣ?

ಅದನ್ನ ನಮ್ಮೂರಾಗ ಕೂಸಿಗೂ ವಿವರಿಸಬಹುದು. ದಸರಾದಾಗ ಗೊರವಯ್ಯ ಬಿಲ್ಲು ಏರ್ತಾನ, ‘ಸದ್ದಲೇ’ ಅಂತಾನ, ಸಾವಿರಾರು ಮಂದಿ ಉಸಿರು ಹಿಡೀತಾರ, ಒಂದು ಮಾತು ಕಾರ್ಣಿಕ ಬೀಳ್ತೈತಿ. ಅದು ‘ರಾ’. ಅದರಾಗ ಮಳಿ, ಬೆಳಿ, ರಾಜಕಾರಣ ಎಲ್ಲಾ ಮಡಚಿ ಇರ್ತೈತಿ, ಯಾವುದೂ ಪಕ್ಕಾ ಆಗಿರೂದಿಲ್ಲ. ಅರ್ಧ ತಾಸಿನ್ಯಾಗ ಟಿವಿಯವರು ‘ಮುಖ್ಯಮಂತ್ರಿ ಬದಲಾವಣೆ’ ಅಂತ ಹಚ್ಚತಾರಲ್ಲ, ಅದು ಜೆಪೆಗ್. ಜೆಪೆಗ್‌ನ್ಯಾಗ ಒಂದೊಂದು ಬಣ್ಣಕ್ಕ 256 ಮೆಟ್ಟಲ ಅಷ್ಟ. 14 ಬಿಟ್ಟಿನ ರಾ ಕಡತದಾಗ 16,384. ಆಮ್ಯಾಲ ಅರ್ಥ ಬದಲಿಸಬೇಕು ಅಂದ್ರ ಯಾವುದರಾಗ ಜಾಗ ಐತಿ, ನೀನ ಹೇಳು. ಅರ್ಜಂಟಿನವರಿಗೆ ಜೆಪೆಗ್ ಸಾಕು. ಟಿವಿಯವರು ಯಾವಾಗ್ಲೂ ಅರ್ಜಂಟಿನ್ಯಾಗ ಇರ್ತಾರ.

ಬಣ್ಣ ಎದ್ದು ಕಾಣಲಿ ಎಂದು ಸ್ಯಾಚುರೇಶನ್ ಏರಿಸುವವರ ಬಗ್ಗೆ…

(ಭಂಡಾರ ಚೀಲದೊಳಗೇ ಸ್ವಲ್ಪ ಹೊತ್ತು ಹೊರಳಾಡಿತು.) ಕೇಳು. ನಾ ಈಗಾಗ್ಲೇ ತುದಿಗೆ ನಿಂತೇನಿ. ನನ್ನೊಳಗಿನ ಕರ್ಕ್ಯುಮಿನ್ ನೀಲಿ ಬೆಳಕನ್ನ ನುಂಗತೈತಿ, ಹಿಂಗಾಗಿ ಫೋಟೊದಾಗ ನನ್ನ ನೀಲಿ ಅಂಕಿ ಸೊನ್ನಿ ಹತ್ರಾನ ಇರ್ತೈತಿ. ಮತ್ತಷ್ಟು ಏರಿಸಿದ್ರ ಕೆಂಪು ಮಾಳಿಗಿಗೆ ಬಡಿದು, ನೀಲಿ ಪಾತಾಳಕ್ಕ ಬಿದ್ದು, ನಾ ಪುಡಿ ಅನ್ನೂದ ಕಾಣೂದಿಲ್ಲ. ಗಾಳ್ಯಾಗ ಹಾರಿದ ಕಣ ಕಣ ಹೋಗಿ ಬಳಕೊಂಡ ಆಯಿಲ್ ಪೇಂಟ್ ಆಗ್ತೈತಿ. ನವೆಂಬರ್‌ದಾಗ ಕನ್ನಡ ಬಾವುಟದ ಫೋಟೊ ನೋಡು, ಅರಿಷಿಣ ಕುಂಕುಮ ಎರಡೂ ಹಂಗ ಕೆಟ್ಟಿರ್ತಾವ, ಬಟ್ಟಿಯ ನಿರಿಗಿ ಒಂದೂ ಉಳಿದಿರೂದಿಲ್ಲ. ಏರಿಸಲೇಬೇಕಂದ್ರ ವೈಬ್ರೆನ್ಸ್ ಏರಿಸು. ಅದು ಬಡ ಬಣ್ಣಕ್ಕ ಹೆಚ್ಚು ಕೊಟ್ಟು, ಮೊದಲ ತುಂಬಿದವರಿಗೆ ಕಡಿಮಿ ಕೊಡ್ತೈತಿ. ಇಷ್ಟು ನ್ಯಾಯದ ಯೋಜನೆ ಯಾವ ಬಜೆಟ್ಟಿನ್ಯಾಗೂ ಬಂದಿಲ್ಲ.

ಬ್ಯಾಡಗಿ ಮೆಣಸಿನಕಾಯಿನ್ನ ಕೇಳು, ಅಕಿಗೆ ಇನ್ನೂ ಸಿಟ್ಟು ಐತಿ. ಅಕಿದು ಖಾರ ಕಡಿಮಿ, ಬೆಲಿ ಎಲ್ಲಾ ಬಣ್ಣಕ್ಕ. 2011ರಾಗ ಭೌಗೋಳಿಕ ಗುರುತು ಸಿಕ್ಕೈತಿ, ಅಕಿ ಬಣ್ಣ ಹಿಂಡಿ ಲಿಪ್‌ಸ್ಟಿಕ್‌ಗೂ ಒಯ್ತಾರ. ಮಾರೂ ಮುಂದ ಪುಡಿನ್ನ ಅಸಿಟೋನಿನ್ಯಾಗ ನೆನಸಿ, 460 ನ್ಯಾನೊಮೀಟರ್ ಬೆಳಕು ಹಾಯಿಸಿ, ಎಷ್ಟು ನುಂಗಿತು ಅಂತ ಅಳೆದು ‘ಆಸ್ಟಾ’ ಅಂತ ನಂಬರ್ ಕೊಡ್ತಾರ. ಬಣ್ಣ ಕಳೀಬಾರದು ಅಂತ ಕೋಲ್ಡ್ ಸ್ಟೋರೇಜಿನ್ಯಾಗ ಮಲಗಿಸ್ತಾರ. ಬಣ್ಣಕ್ಕ ಇಷ್ಟು ಮರ್ಯಾದಿ ಕೊಡೂ ತಾಲ್ಲೂಕಿನ್ಯಾಗ ಹುಟ್ಟಿದ ಹುಡುಗ ರೀಲ್ಸ್ ಮಾಡೂ ಮುಂದ ಒಂದ ಬಟ್ಟಿಲೆ ಅಕಿನ್ನ ಟೊಮೆಟೊ ಸಾಸ್ ಮಾಡ್ತಾನ. ಮೆಣಸಿನಪುಡಿಗೆ ಸುಡಾನ್ ಬಣ್ಣ ಬೆರಸಿದ್ದು 2003ರಾಗ ಯುರೋಪಿನ್ಯಾಗ ಸಿಕ್ಕುಬಿದ್ದು ಎಷ್ಟು ಗದ್ದಲ ಆತು! ಫೋಟೊದ ಕಲಬೆರಕಿಗೆ ಲೈಕ್ ಕೊಡ್ತೀರಿ.

ಒಂದೇ ಬಣ್ಣವನ್ನು ಮಾತ್ರ ತಿದ್ದಲು ಸಾಧ್ಯವಿಲ್ಲವೇ?

ಐತಿ, ಎಚ್‌ಎಸ್‌ಎಲ್ ಅಂತಾರ. ಅಲ್ಲಿ ಹಳದಿಗೆ ಬ್ಯಾರೆ ಕಡ್ಡಿ. ನನ್ನ ಬೆಳಕು ಜರಾ ಇಳಿಸಿದ್ರ ನಾ ಗಟ್ಟಿಯಾಗಿ ಕಾಣ್ತೇನಿ, ಸ್ಯಾಚುರೇಶನ್ ಮುಟ್ಟೂದ ಬ್ಯಾಡ. ಆದ್ರ ಪಕ್ಕದ ಕಿತ್ತಳೆ ಕಡ್ಡಿ ಮ್ಯಾಲ ಕೈ ಹೋಗೂ ಮುಂದ ವಿಚಾರ ಮಾಡು, ಮನಷ್ಯಾರ ಚರ್ಮ ಇರೂದ ಅಲ್ಲಿ. ಅದರ ಬೆಳಕು ಎತ್ತಿದ್ರ ಹೊಲದಾಗ ದುಡಿದ ಮೈ ಮದವಣಿಗಿ ಆಲ್ಬಮ್ಮಿನ ಮೈ ಆಗ್ತೈತಿ. ಎಷ್ಟು ಸ್ಟುಡಿಯೋದವರು ಇದನ್ನ ಕೇಳದನ ಮಾಡಿಕೊಡ್ತಾರ, ರೊಕ್ಕಾನೂ ತಗೋತಾರ! ಇದು ಇಂದಿನ ಚಾಳಿ ಅಲ್ಲ. ಅಮೆರಿಕದಾಗ ಕೊಡಾಕಿನವರು ಬಿಳಿ ಹೆಣ್ಣುಮಗಳ ಫೋಟೊ ಇಟಗೊಂಡು ಪ್ರಿಂಟಿನ ಬಣ್ಣ ಹೊಂದಸ್ತಿದ್ರು, ಶರ್ಲಿ ಕಾರ್ಡ್ ಅಂತ ಅದರ ಹೆಸರು. ಕರಿ ಮೈಯವರು ಆ ಅಳತ್ಯಾಗ ಸರಿಯಾಗಿ ಬರ್ತಿರಲಿಲ್ಲ. ಕಂಪನಿ ಜೋರಾಗಿ ಕಿವಿಗೊಟ್ಟದ್ದು ಯಾರ ಮಾತಿಗೆ ಗೊತ್ತೇನು? ಚಾಕಲೇಟು ಮಾರಾವ್ರು, ಕಟಗಿ ಪೀಠೋಪಕರಣ ಮಾರಾವ್ರು ‘ನಮ್ಮ ಮಾಲಿನ ಕಂದು ಬಣ್ಣ ಬರವಲ್ದು’ ಅಂದಾಗ.

ಬ್ಯೂಟಿ ಮೋಡ್ ಬಗ್ಗೆ ನಾ ಹೇಳೂದ ಇಲ್ಲ. ಅದು ಹಣಿ ಮ್ಯಾಲಿನ ನನ್ನ ಕಲೆ ಅಂತ ಒರಸಿ ಹಾಕ್ತೈತಿ. ಹರಕಿ ಹೊತ್ತು ಬಂದವ ಮನಿಗೆ ಹೋಗೂದರೊಳಗ ಫೋಟೊದಾಗ ನಾಸ್ತಿಕ.

ಇಷ್ಟೆಲ್ಲ ಪಾಲಿಸಿಯೂ ಬಣ್ಣ ಕೆಡುತ್ತದೆ ಎನ್ನುವವರಿದ್ದಾರೆ.

ರಾತ್ರಿ ಹಾಸಿಗ್ಯಾಗ ಮಲಗಿ ತಿದ್ದಿರ್ತಾರ. ಫೋನಿನ್ಯಾಗ ಕಣ್ಣಿಗೆ ತಂಪು ಅಂತ ಒಂದು ಸೌಲತ್ತು ಐತಿ, ಕತ್ತಲಾದ ಕೂಡ್ಲೇ ಪರದಿನ್ನ ಹಳದಿ ಮಾಡ್ತೈತಿ. ಆ ಹಳದಿ ಪರದಿ ನೋಡಿ ಇಂವ ಚಿತ್ರದ ಹಳದಿ ತಗೀತಾನ. ಮುಂಜಾನೆ ಎದ್ದು ನೋಡಿದ್ರ ಮಾಲತೇಶನ ಜಾತ್ರಿ ಶಿಮ್ಲಾದಾಗ ನಡದಂಗ ಇರ್ತೈತಿ. ಅದನ್ನ ಆರಿಸಿ, ಪರದಿ ಬೆಳಕು ಅರ್ಧಕ್ಕಿಂತ ಮ್ಯಾಲ ಇಟ್ಟು, ಹಗಲಿನ್ಯಾಗ ತಿದ್ದು. ಕಣ್ಣು ಬ್ಯಾರೆ ಮೋಸ ಮಾಡ್ತೈತಿ, ಎಂಥಾ ಹಳದಿಗೂ ಎರಡು ನಿಮಿಷದಾಗ ಒಗ್ಗಿಕೊಳ್ತೈತಿ. ನಡುವ ಎದ್ದು ಹೊರಗ ಹೋಗಿ, ಚಾ ಕುಡದು ಬಂದು ನೋಡಬೇಕು. ಅನುಮಾನ ಇದ್ರ ರಾಣೆಬೆನ್ನೂರು ಅಭಯಾರಣ್ಯದ ಗಂಡು ಕೃಷ್ಣಮೃಗದ ಫೋಟೊ ತೆರಿ. ಬೆನ್ನು ಕಪ್ಪು, ಹೊಟ್ಟಿ ಬಿಳುಪು. ಬೆನ್ನಿನ ಕೂದಲಾ ಕಾಣಬೇಕು, ಹೊಟ್ಟಿದೂ ಕಾಣಬೇಕು. ಎರಡರಾಗ ಒಂದು ಹೋತು ಅಂದ್ರ ಪರದಿನೋ ನಿನ್ನ ಕೈಯೋ, ಯಾವುದೋ ಒಂದು ಕೆಟ್ಟೈತಿ.

ಫ್ಲೆಕ್ಸ್ ಬ್ಯಾನರುಗಳಲ್ಲಿ ತಮ್ಮ ಸ್ಥಿತಿ ಹೇಗಿದೆ?

ಅಲ್ಲಿ ನಾ ಸುಖಿ! ಮುದ್ರಣದಾಗ ನಾಕು ಶಾಯಿ, ಅದರಾಗ ಹಳದಿಗೆ ಸ್ವಂತ ಡಬ್ಬಿ ಐತಿ. ಸೆನ್ಸಾರಿನ್ಯಾಗ ಸಿಗದ ಸೀಟು ಪ್ರೆಸ್ಸಿನ್ಯಾಗ ಸಿಕ್ಕೈತಿ. ಆದ್ರ ಆ ಶಾಯಿ ಎಲ್ಲಾ ಹೋಗೂದು ‘ಭಕ್ತಾದಿಗಳಿಗೆ ಸ್ವಾಗತ ಕೋರುವವರು’ ಅನ್ನೂ ಮಾರಿಗೋಳಿಗೆ. ದೇವರು ಮೂಲ್ಯಾಗ ಅಂಚೆಚೀಟಿಯಷ್ಟು ಇರ್ತಾನ, ಅವನ ಮ್ಯಾಲ ನಾ ಚಿಟಿಕಿಯಷ್ಟು.

ಕಪ್ಪು-ಬಿಳುಪಿನ ಕಾಲವೇ ಚೆನ್ನಾಗಿತ್ತು ಅನಿಸುವುದಿಲ್ಲವೇ?

ಯಾರಿಗೆ? ಮೊದಲಿನ ಗಾಜಿನ ಪ್ಲೇಟಿಗೆ ನೀಲಿ ಬಿಟ್ರ ಉಳಿದದ್ದು ಕಾಣ್ತಿರಲಿಲ್ಲ. ನಾ ಅದರಾಗ ಕಾಡಿಗಿ! ಮೈತುಂಬ ನನ್ನ ಬಳಕೊಂಡಾಂವ ಎರಿ ಹೊಲದಾಗ ಬಿದ್ದು ಎದ್ದು ಬಂದಂಗ ಕಾಣತಿದ್ದ. ಜರ್ಮನಿಯ ಫೋಗಲ್ ಅನ್ನಾಂವ 1873ರಾಗ ಪ್ಲೇಟಿಗೆ ಬಣ್ಣದ ಔಷಧ ಬೆರಸಿ ಹಸರು ಕಾಣೂ ಹಂಗ ಮಾಡಿದ. ಎಲ್ಲಾ ಬಣ್ಣ ನೋಡೂ ಪ್ಲೇಟು ಅಂಗಡಿಗೆ ಬಂದದ್ದು 1906ರಾಗ. ಆಮ್ಯಾಲ ನಾ ಬೆಳ್ಳಗಾದೆ. ಎಷ್ಟು ಬೆಳ್ಳಗ ಅಂದ್ರ, ನೋಡಿದವರು ನನ್ನ ವಿಭೂತಿ ಅಂದ್ರು.

ಕೊನೆಯದಾಗಿ ಒಂದು ಸಂಕೋಚದ ವಿಷಯ. ಈ ಸಂದರ್ಶನಕ್ಕೆ ಒಳಪುಟ ಸಿಕ್ಕಿದೆ. ನಮ್ಮ ಒಳಪುಟಗಳು ಕಪ್ಪು-ಬಿಳುಪು.

…ಇಷ್ಟೊತ್ತು ಮಾತಾಡಿಸಿ ಈಗ ಹೇಳ್ತಿ! ಆಗಲಿ. ಸೀದಾ ಬಣ್ಣ ತಗದು ಹಾಕಬ್ಯಾಡ. ‘ಬ್ಲ್ಯಾಕ್ ಅಂಡ್ ವೈಟ್ ಮಿಕ್ಸ್’ ಅಂತ ಇರ್ತೈತಿ, ಅದನ್ನ ತೆರಿ. ಹಳದಿ ಕಡ್ಡಿ ತುಸು ಇಳಿಸು, ನಾ ಬೂದಿಗಿಂತ ಒಂದು ಮೆಟ್ಟಲ ಕೆಳಗ ಇರಬೇಕು. ನೀಲಿ ಇಳಿಸಿದ್ರ ಆಕಾಶ ಕಪ್ಪಗಾಗಿ, ಹಾರಿದ ನಾನು ಎದ್ದು ಕಾಣ್ತೇನಿ. ಕಿತ್ತಳೆಗೆ ಕೈ ಹಚ್ಚಬ್ಯಾಡ, ಗೊರವಪ್ಪ ಬೈತಾನ. ಮತ್ತ ಫೋಟೊದ ಕೆಳಗ ದೊಡ್ಡ ಅಕ್ಷರದಾಗ ‘ಹಳದಿ’ ಅಂತ ಬರಿ, ನಿಮ್ಮ ಸಂಪಾದಕರು ಅದನ್ನೂ ತಿದ್ದದಿದ್ರ.