‘ಬೇಗ ಹೋಗಿ’ ಎನ್ನುವ ಪ್ರವಾಸ ಪಂಡಿತರಿಗೊಂದು ಬಹಿರಂಗ ಪತ್ರ

ಪೂಜ್ಯ ಪ್ರವಾಸ ಪಂಡಿತರೇ,

ಪ್ಯಾರಿಸ್ಸಿನ ಲೂವ್ರ್ ವಸ್ತುಸಂಗ್ರಹಾಲಯವನ್ನು ನೋಡುವ ಬಗೆ ಹೇಗೆಂದು ಲೋಕಕ್ಕೆಲ್ಲ ತಿಳಿಹೇಳುತ್ತಾ ಬಂದಿರುವ ತಮ್ಮ ಉಪದೇಶದ ಸಾರ ಒಂದೇ: ಬೇಗ ಹೋಗಿ. ಬಾಗಿಲು ತೆರೆಯುವುದು ಒಂಬತ್ತಕ್ಕಾದರೆ ಎಂಟೂವರೆಗೇ ಅಲ್ಲಿ ನಿಂತಿರಿ. ಒಂಬತ್ತರ ಟಿಕೆಟ್ಟನ್ನೇ ಹಟ ಹಿಡಿದು ಮೊದಲೇ ಕಾದಿರಿಸಿ. ಪಿರಮಿಡ್ಡಿನ ಬಾಗಿಲನ್ನು ದಡ್ಡರಿಗೆ ಬಿಟ್ಟು ನೆಲದಡಿಯ ಕಾರೂಸೆಲ್ ಬಾಗಿಲಿನಿಂದ ಒಳಗೆ ನುಗ್ಗಿ. ನುಗ್ಗಿದವರು ಅತ್ತಿತ್ತ ಕಣ್ಣು ಹಾಯಿಸದೆ ದೆನೋಂ ಪಾರ್ಶ್ವದ ಮೆಟ್ಟಿಲೇರಿ ಮೊನಾಲಿಸಾಳ ಮುಂದೆ ಹಾಜರಾಗಿ. ಜನಜಂಗುಳಿ ಬರುವಷ್ಟರಲ್ಲಿ ತಮ್ಮ ಶಿಷ್ಯರ ಕೆಲಸ ಮುಗಿದಿರುತ್ತದೆ. ಈ ಗುಟ್ಟನ್ನು ತಾವು ಎಷ್ಟು ಧಾರಾಳವಾಗಿ ಹಂಚಿದ್ದೀರೆಂದರೆ ಅದನ್ನು ಕೇಳದ ಪ್ರವಾಸಿಯನ್ನು ಇಂದು ದೀಪ ಹಿಡಿದು ಹುಡುಕಬೇಕು. ಎಲ್ಲರೂ ಪಲ್ಲಕ್ಕಿ ಏರಿದರೆ ಹೊರುವವರು ಯಾರು ಎಂದು ನಮ್ಮ ಹಿರಿಯರು ಕೇಳಿದ್ದರು. ಎಲ್ಲರೂ ಬೇಗ ಹೋದರೆ ತಡವಾಗಿ ಹೋಗಿ ನೂಕುನುಗ್ಗಲಿಗೆ ಸಿಕ್ಕಿಕೊಳ್ಳುವವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ತಾವು ಯಾರಿಗೂ ವಹಿಸಿಕೊಟ್ಟಂತಿಲ್ಲ. ಆ ಭಾರವನ್ನು ಈ ಪತ್ರ ವಿನಯದಿಂದ ಹೊತ್ತುಕೊಳ್ಳುತ್ತದೆ.

ಮೊದಲು ಕೊಂಚ ಲೆಕ್ಕ ನೋಡೋಣ. 2018ರಲ್ಲಿ ಲೂವ್ರ್‌ಗೆ ಬಂದವರು ಒಂದು ಕೋಟಿ ಎರಡು ಲಕ್ಷ ಜನ. 2024ರಲ್ಲಿ ಸುಮಾರು 87 ಲಕ್ಷ. ಇವರಲ್ಲಿ ದಿನಕ್ಕೆ ಸುಮಾರು 20,000 ಮಂದಿ ಮೊನಾಲಿಸಾ ಇರುವ ಕೋಣೆಗೆ ಬರುತ್ತಾರೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗಿನ ಅವಧಿಯಲ್ಲಿ ಇವರನ್ನು ಸಮನಾಗಿ ಹರಡಿದರೂ ನಿಮಿಷಕ್ಕೆ 37 ಜನ ಆಗುತ್ತಾರೆ. ಒಬ್ಬೊಬ್ಬರಿಗೂ ಏಕಾಂತದ ಭೇಟಿ ಬೇಕೆಂದರೆ ತಲಾ ಒಂದೂವರೆ ಸೆಕೆಂಡಿಗಿಂತ ಕೊಂಚ ಹೆಚ್ಚು ಕಾಲ ಸಿಕ್ಕೀತು. ಅಷ್ಟರಲ್ಲಿ ಕನ್ನಡಕ ಸರಿಪಡಿಸಿಕೊಳ್ಳಲೂ ಆಗುವುದಿಲ್ಲ. ಈ 20,000 ಜನರಲ್ಲಿ ಹತ್ತರಲ್ಲೊಬ್ಬರು ತಮ್ಮ ಮಾತನ್ನು ನಂಬಿ ಮೊದಲ ಅರ್ಧ ಗಂಟೆಗೇ ಬಂದರೆಂದುಕೊಳ್ಳಿ. ಆಗ ಆ ಅರ್ಧ ಗಂಟೆಯಲ್ಲಿ ನಿಮಿಷಕ್ಕೆ ಸುಮಾರು 67 ಜನರಾದರು. ದಿನದ ಸರಾಸರಿಗಿಂತ ಅದು ಹೆಚ್ಚುಕಡಿಮೆ ಇಮ್ಮಡಿ. ತಮ್ಮ ಶಿಷ್ಯವರ್ಗ ಬೆಳೆದಷ್ಟೂ ತಮ್ಮ ಸಲಹೆಯ ಬೆಲೆ ಇಳಿಯುತ್ತದೆ. ಇದು ತಮ್ಮ ಜ್ಞಾನದ ದೋಷವಲ್ಲ, ಜನಪ್ರಿಯತೆಯ ಶಿಕ್ಷೆ.

ಆದರೆ ಅಂಕಿಗಳನ್ನು ಹಿಡಿದು ಜಗ್ಗುವುದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಜನಸಂದಣಿಗೆ ಕಾರಣ ಗಡಿಯಾರ ಎಂದು ತಾವು ನಂಬಿದ್ದೀರಿ. ಲೂವ್ರ್‌ನವರು ತಿಳಿದೋ ತಿಳಿಯದೆಯೋ ಈ ನಂಬಿಕೆಯನ್ನು ಒಮ್ಮೆ ಪರೀಕ್ಷೆಗೇ ಒಡ್ಡಿದರು. 2019ರ ಬೇಸಿಗೆಯಲ್ಲಿ ಮೊನಾಲಿಸಾಳ ಕೋಣೆಗೆ ಸುಣ್ಣಬಣ್ಣದ ಕೆಲಸ ನಡೆದಾಗ ಚಿತ್ರವನ್ನು ಕೆಲವು ತಿಂಗಳ ಮಟ್ಟಿಗೆ ರಿಶೆಲ್ಯೂ ಪಾರ್ಶ್ವದ ಮೆಡಿಸಿ ಗ್ಯಾಲರಿಗೆ ಸಾಗಿಸಿದರು. ರಾಣಿ ಮರಿ ದ ಮೆಡಿಸಿಗಾಗಿ ರೂಬೆನ್ಸ್ ರಚಿಸಿದ 24 ಬೃಹತ್ ಚಿತ್ರಗಳಿರುವ ಆ ಗ್ಯಾಲರಿ ಸಾಮಾನ್ಯ ದಿನಗಳಲ್ಲಿ ಹೋಲಿಕೆಯಲ್ಲಿ ಪ್ರಶಾಂತವಾದದ್ದು. ಬಾಗಿಲು ತೆರೆಯುವ ಹೊತ್ತು ಬದಲಾಗಲಿಲ್ಲ, ಮುಚ್ಚುವ ಹೊತ್ತೂ ಬದಲಾಗಲಿಲ್ಲ; ಮುಕ್ಕಾಲು ಮೀಟರ್ ಎತ್ತರದ ಒಂದು ಹಲಗೆ ಮಾತ್ರ ಜಾಗ ಬದಲಿಸಿತು. ಕೂಡಲೇ ಸರತಿ ಸಾಲೂ ಅದರ ಬೆನ್ನು ಹತ್ತಿ ಅಲ್ಲಿಗೇ ಬಂತು. ರೂಬೆನ್ಸನ ರಾಣಿಯರೂ ದೇವತೆಗಳೂ ಗೋಡೆಯ ಮೇಲಿಂದ ನೋಡುತ್ತಿದ್ದಂತೆಯೇ ಜನ ಅವರಿಗೆ ತಲೆ ಎತ್ತದೆ ಮುಂದಕ್ಕೆ ತೆವಳಿದರು. ಜಂಗುಳಿ ಇರುವುದು ಹೊತ್ತಿನಲ್ಲೋ ಹಲಗೆಯಲ್ಲೋ ಎಂಬುದಕ್ಕೆ ಇದಕ್ಕಿಂತ ಚೊಕ್ಕವಾದ ಪುರಾವೆ ಬೇಕೆ?

ಇನ್ನೂ ಕಟುವಾದ ಪುರಾವೆ 1911ರದು. ಆ ವರ್ಷದ ಆಗಸ್ಟ್ 21ರಂದು, ಸಂಗ್ರಹಾಲಯಕ್ಕೆ ರಜೆಯಿದ್ದ ಸೋಮವಾರ, ವಿಂಚೆಂಜೊ ಪೆರೂಜಿಯಾ ಎಂಬ ಇಟಲಿಯ ಕೆಲಸಗಾರ ಮೊನಾಲಿಸಾಳನ್ನು ಗೋಡೆಯಿಂದ ಇಳಿಸಿಕೊಂಡು ಹೊರನಡೆದ. ಚಿತ್ರ ಕಾಣೆಯಾದದ್ದು ಗಮನಕ್ಕೆ ಬಂದದ್ದು ಮಾರನೆಯ ದಿನ. ಇಂದು ಎರಡು ಸೆಕೆಂಡ್ ಮರೆಯಾದರೂ ಲೋಕ ಬೊಬ್ಬೆ ಹೊಡೆಯುವ ಆ ಮುಖವನ್ನು ಅಂದು ಇಡೀ ಒಂದು ದಿನ ಯಾರೂ ನೆನೆಯಲಿಲ್ಲ. ಸುದ್ದಿ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದೇ ತಡ, ಲೂವ್ರ್ ಮತ್ತೆ ಬಾಗಿಲು ತೆರೆದಾಗ ಜನ ಸಾಲುಗಟ್ಟಿ ಬಂದು ಖಾಲಿ ಗೋಡೆಯನ್ನು ನೋಡಿದರು. ಆ ಸಾಲಿನಲ್ಲಿ ಫ್ರಾನ್ಜ್ ಕಾಫ್ಕಾನೂ ಅವನ ಗೆಳೆಯ ಮ್ಯಾಕ್ಸ್ ಬ್ರಾಡನೂ ಇದ್ದರು. ಚಿತ್ರವೇ ಇಲ್ಲದ ಜಾಗಕ್ಕೂ ಸರತಿ ನಿಲ್ಲುತ್ತದೆಂದ ಮೇಲೆ ಜನರನ್ನು ಎಳೆಯುವುದು ಚಿತ್ರಕ್ಕಿಂತ ಹೆಚ್ಚಾಗಿ ಅದರ ಹೆಸರು ಎಂಬುದು ಸ್ಪಷ್ಟ. ಹೆಸರಿಗೆ ಬೆಳಿಗ್ಗೆ ಸಂಜೆಗಳ ಭೇದವಿಲ್ಲ. ಅದು ಒಂಬತ್ತಕ್ಕೂ ಅಷ್ಟೇ ದೊಡ್ಡದು, ಐದಕ್ಕೂ ಅಷ್ಟೇ ದೊಡ್ಡದು.

ಬೇಗ ಹೋದವರಿಗೆ ಲೂವ್ರ್ ಎಂದೂ ಒಲಿದಿಲ್ಲ ಎಂದರೆ ಅನ್ಯಾಯವಾದೀತು. ಪೆರೂಜಿಯಾ ಬೆಳಿಗ್ಗೆಯೇ ಕೆಲಸ ಮುಗಿಸಿದವನು. 2025ರ ಅಕ್ಟೋಬರ್ 19ರ ಭಾನುವಾರ ಬಂದವರೂ ತಮ್ಮ ಸೂತ್ರವನ್ನು ಅಕ್ಷರಶಃ ಪಾಲಿಸಿದಂತಿತ್ತು. ಬಾಗಿಲು ತೆರೆದು ಅರ್ಧ ಗಂಟೆಯಾಗಿತ್ತಷ್ಟೆ. ಅವರು ಪಿರಮಿಡ್ಡಿನ ಸಾಲಿನಲ್ಲಿ ನಿಲ್ಲಲಿಲ್ಲ, ಸಾಮಾನು ಏರಿಸುವ ಲಿಫ್ಟಿನ ಟ್ರಕ್ ತಂದು ಸೀನ್ ನದಿಯ ಕಡೆಯ ಬಾಲ್ಕನಿಗೆ ಏರಿದರು, ಕಿಟಕಿ ಕತ್ತರಿಸಿ ಅಪೊಲೊ ಗ್ಯಾಲರಿಗೆ ಇಳಿದರು, ಎಂಟು ನಿಮಿಷದೊಳಗೆ ಎಂಟು ರಾಜಾಭರಣಗಳೊಂದಿಗೆ ಹೊರಬಿದ್ದರು. ಅವುಗಳ ಬೆಲೆ 8.8 ಕೋಟಿ ಯೂರೊ ಎಂದು ಅಂದಾಜಾಯಿತು. ಅವಸರದಲ್ಲಿ ಮಹಾರಾಣಿ ಯೂಜೆನಿಯ ಕಿರೀಟವೊಂದನ್ನು ದಾರಿಯಲ್ಲಿ ಬೀಳಿಸಿಹೋದದ್ದು ಬಿಟ್ಟರೆ ಭೇಟಿಯಲ್ಲಿ ಕುಂದಿರಲಿಲ್ಲ. ಅಂದು ಟಿಕೆಟ್ ತೆತ್ತು ಬೇಗ ಬಂದಿದ್ದ ಸಭ್ಯರನ್ನು ಮಾತ್ರ ಹೊರಗೆ ಕಳಿಸಿ ಬಾಗಿಲು ಹಾಕಲಾಯಿತು. ಅದೇ ವರ್ಷದ ಜೂನ್ 16ರಂದು ಮಿತಿಮೀರಿದ ಜನಸಂದಣಿಯಿಂದ ಬೇಸತ್ತ ಸಿಬ್ಬಂದಿ ಬೆಳಿಗ್ಗೆ ಬಾಗಿಲು ತೆರೆಯಲು ಒಪ್ಪದೆ ಕೆಲಸ ನಿಲ್ಲಿಸಿದಾಗ ಬಿಸಿಲಲ್ಲಿ ಅತ್ಯಂತ ಹೆಚ್ಚು ಹೊತ್ತು ನಿಂತವರು ಯಾರು? ಅತ್ಯಂತ ಬೇಗ ಬಂದವರೇ. ಸಂದಣಿ ತಪ್ಪಿಸಲು ಬೇಗ ಬಂದವರು, ಸಂದಣಿಯ ವಿರುದ್ಧ ನಡೆದ ಮುಷ್ಕರದಿಂದಲೇ ಹೊರಗುಳಿದರು.

ತಾವು ಇಲ್ಲಿ ಎದ್ದು ನಿಂತು, ಏನೇ ಹೇಳಿ, ಮೊದಲ ಇಪ್ಪತ್ತು ನಿಮಿಷ ನಿಜವಾಗಿಯೂ ನಿರಾಳವಾಗಿರುತ್ತದೆ ಎನ್ನಬಹುದು. ಇರುತ್ತದೆ, ಒಪ್ಪಿದೆ. ಆ ನಿರಾಳವನ್ನು ತಮ್ಮ ಶಿಷ್ಯರು ಖರ್ಚು ಮಾಡುವ ಬಗೆಯಲ್ಲೇ ನನ್ನ ತಕರಾರಿರುವುದು. ಮೊನಾಲಿಸಾ ಗುಂಡುನಿರೋಧಕ ಗಾಜಿನ ಹಿಂದೆ ಇದ್ದಾಳೆ, ಗಾಜಿನ ಮುಂದೆ ಕೆಲವು ಮೀಟರ್ ದೂರದಲ್ಲಿ ಕಟಕಟೆಯಿದೆ. ಒಂಬತ್ತು ಗಂಟೆಗೂ ಆ ಗಾಜು ತೆರೆಯುವುದಿಲ್ಲ, ಕಟಕಟೆ ಸರಿಯುವುದಿಲ್ಲ. 77 ಸೆಂಟಿಮೀಟರ್ ಎತ್ತರ, 53 ಸೆಂಟಿಮೀಟರ್ ಅಗಲದ ಹಲಗೆಯ ಮೇಲೆ ಲಿಯೊನಾರ್ಡೊ ಪದರ ಪದರವಾಗಿ ಕೂಡಿಸಿದ ಬಣ್ಣದ ಸೂಕ್ಷ್ಮ ಅಷ್ಟು ದೂರದಿಂದ ಏಕಾಂತದಲ್ಲಿ ಕಂಡೀತೆನ್ನುವುದೂ ಸಂಶಯವೇ. ಹಾಗಾಗಿ ನಿರಾಳದಿಂದ ಅತಿ ಕಡಿಮೆ ಲಾಭ ಪಡೆಯುವ ಚಿತ್ರವೆಂದರೆ ಇಡೀ ಕಟ್ಟಡದಲ್ಲಿ ಇದೊಂದೇ. ಅದರ ಕಡೆಗೆ ಓಡುವ ದಾರಿಯಲ್ಲಿ ಮಹಾಗ್ಯಾಲರಿಯ ಗೋಡೆಯ ಮೇಲೆ ಅದೇ ಲಿಯೊನಾರ್ಡೊನ ‘ಬಂಡೆಗಳ ನಡುವಿನ ಕನ್ಯಾಮರಿಯ’ಳಿದ್ದಾಳೆ, ಸಂತ ಆನ್ನಾಳ ಚಿತ್ರವಿದೆ, ಅವುಗಳ ಎದುರು ಸರತಿಯಿಲ್ಲ. ಕೋಣೆಯೊಳಗೆ ಮೊನಾಲಿಸಾಳಿಗೆ ಎದುರಾಗಿ ವೆರೊನೀಸ್ 1563ರಲ್ಲಿ ಮುಗಿಸಿದ ಕಾನಾ ಊರಿನ ಮದುವೆಯೂಟದ ಚಿತ್ರವಿದೆ: ಹೆಚ್ಚುಕಡಿಮೆ ಹತ್ತು ಮೀಟರ್ ಅಗಲ, ಆರೂಮುಕ್ಕಾಲು ಮೀಟರ್ ಎತ್ತರ, ಸುಮಾರು 130 ಜನ ಅತಿಥಿ, ಸೇವಕ, ವಾದ್ಯಗಾರರು. ನೆಪೋಲಿಯನ್ನನ ಸೈನಿಕರು 1797ರಲ್ಲಿ ವೆನಿಸ್ಸಿನ ಮಠದ ಊಟದ ಮನೆಯಿಂದ ಇದನ್ನು ಕಿತ್ತು ತಂದದ್ದು. ವಿಸ್ತೀರ್ಣದಲ್ಲಿ ಮೊನಾಲಿಸಾಳ 160 ಪಟ್ಟಿಗೂ ಮಿಗಿಲಾದ ಈ ಮದುವೆಗೆ ಬೆನ್ನು ತಿರುಗಿಸಿ, ತಮ್ಮ ಶಿಷ್ಯರು ಫೋನು ಎತ್ತಿ ಹಿಡಿಯುತ್ತಾರೆ. ಕರೆಯದಿದ್ದರೂ ಮದುವೆಯೂಟಕ್ಕೆ ಹೋಗುವವರಿದ್ದಾರೆ. ಊಟದೆಲೆಯ ಎದುರೇ ನಿಂತು ಬೆನ್ನು ಹಾಕುವವರು ಸಿಗುವುದು ಲೂವ್ರ್‌ನಲ್ಲಿ ಮಾತ್ರ.

ಮುಂದಿನ ಆಕ್ಷೇಪಣೆ ಹೃದಯದಿಂದ ಬರುವಂಥದ್ದು. ಅದನ್ನು ಹಗುರವಾಗಿ ತಳ್ಳಲಾಗದು. ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಪ್ಯಾಕೇಜ್ ಟೂರಿನಲ್ಲಿ ಜೀವಮಾನಕ್ಕೊಮ್ಮೆ ಯೂರೋಪಿಗೆ ಹೋಗುವವರು, ಮಧ್ಯಾಹ್ನದೊಳಗೆ ಐಫೆಲ್ ಗೋಪುರ ಮುಟ್ಟಬೇಕಾದವರು, ಮೊನಾಲಿಸಾಳನ್ನು ನೋಡದೆ ಊರಿಗೆ ಮರಳಿದರೆ ನೆಂಟರಿಷ್ಟರಿಗೆ ಏನು ಹೇಳಬೇಕು? ಅದರಲ್ಲೂ 2026ರ ಜನವರಿಯಿಂದ ಯೂರೋಪಿಯನ್ ಆರ್ಥಿಕ ವಲಯದ ಹೊರಗಿನವರಿಗೆ ಟಿಕೆಟ್ಟು 22 ಯೂರೊದಿಂದ 32 ಯೂರೊಗೆ ಏರಿದೆ. ಅಷ್ಟು ತೆತ್ತವರಿಗೆ ಅವಳನ್ನು ನೋಡಬೇಡಿ ಎನ್ನುವ ಅಧಿಕಾರ ಯಾರಿಗೂ ಇಲ್ಲ, ನಾನೂ ಹಾಗೆನ್ನುವುದಿಲ್ಲ. ನೋಡಲಿ, ಆದರೆ ಮೊದಲು ನೋಡುವುದೇಕೆ? ಜಂಗುಳಿಯಲ್ಲಿ ನೋಡಿದರೂ ಹೆಚ್ಚು ಕಳೆದುಕೊಳ್ಳದ ಚಿತ್ರವನ್ನು ಜಂಗುಳಿಯ ಹೊತ್ತಿಗೇ ಇಟ್ಟುಕೊಳ್ಳಬಹುದು. ಬೆಳಗಿನ ಮೌನವನ್ನು ಮೌನ ಬೇಡುವ ಚಿತ್ರಗಳಿಗೆ ಕೊಡಬಹುದು. ವರ್ಮೀರನ ‘ಲೇಸ್ ಹೆಣೆಯುವವಳು’ ಉದ್ದ 24, ಅಗಲ 21 ಸೆಂಟಿಮೀಟರಿನಷ್ಟು ಪುಟ್ಟದು. ಅದರ ಮುಂದೆ ಮೂವರು ನಿಂತರೆ ನಾಲ್ಕನೆಯವರಿಗೆ ಏನೂ ಕಾಣದು. ಬೇಗ ಏಳುವ ಪುಣ್ಯಕ್ಕೆ ತಕ್ಕ ಫಲ ಅಲ್ಲಿದೆ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಸಂಗ್ರಹಾಲಯದಲ್ಲಿ ನಡೆದು 2001ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಜನ ಒಂದು ಕಲಾಕೃತಿಯನ್ನು ನೋಡುವ ಸರಾಸರಿ ಹೊತ್ತು 27 ಸೆಕೆಂಡ್ ಎಂದು ಕಂಡುಬಂದಿತ್ತು. ಅಷ್ಟು ನೋಟಕ್ಕಾಗಿ ಅಲಾರಾಂ ಇಡಿಸುವ ತಾವು, ಎದ್ದ ಮೇಲೆ ಆ ನೋಟವನ್ನು ಒಂದು ನಿಮಿಷಕ್ಕೆ ಹಿಗ್ಗಿಸುವ ಉಪಾಯವನ್ನು ಎಲ್ಲೂ ಹೇಳಿಕೊಡುವುದಿಲ್ಲ.

ಇದೆಲ್ಲ ಪ್ರವಾಸಿಗಳ ತಲೆನೋವಲ್ಲ, ಆಡಳಿತದ ಜವಾಬ್ದಾರಿ ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ನಿಜಾಂಶವಿದೆ. 1989ರಲ್ಲಿ ತೆರೆದ ಐ. ಎಂ. ಪೇ ಅವರ ಗಾಜಿನ ಪಿರಮಿಡ್ಡು ವರ್ಷಕ್ಕೆ ಸುಮಾರು 40 ಲಕ್ಷ ಜನರ ಲೆಕ್ಕದಲ್ಲಿ ಕಟ್ಟಿದ್ದು. ಇಂದು ಬರುವವರು ಅದರ ಇಮ್ಮಡಿ. ದಿನಕ್ಕೆ 30,000 ಜನರ ಮಿತಿ ಹಾಕಿದರು. ಆ ಮಿತಿ ಜನರನ್ನು ದಿನಗಳಿಗೆ ಹಂಚಿತೇ ಹೊರತು ಕೋಣೆಗಳಿಗೆ ಹಂಚಲಿಲ್ಲ. 2025ರ ಜನವರಿಯಲ್ಲಿ ಅಧ್ಯಕ್ಷ ಮ್ಯಾಕ್ರಾನ್ ಅವರು 2031ರ ಹೊತ್ತಿಗೆ ಹೊಸ ಪ್ರವೇಶದ್ವಾರ, ಮೊನಾಲಿಸಾಳಿಗೇ ಪ್ರತ್ಯೇಕ ಕೋಣೆ, ಪ್ರತ್ಯೇಕ ಟಿಕೆಟ್ಟು ಎಂಬ ಯೋಜನೆ ಪ್ರಕಟಿಸಿದರು. ಲೂವ್ರ್ ಬೇರೆ, ಮೊನಾಲಿಸಾ ಬೇರೆ ಎಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ಆ ಕೋಣೆ ತೆರೆದ ಮರುದಿನವೇ ಅದಕ್ಕೂ ಬೇಗ ಹೋಗಿ ಎಂದು ತಾವು ಬರೆಯುತ್ತೀರೆಂಬ ಭರವಸೆ ನನಗಿದೆ. ಬೇರೆ ಕಡೆ ಹೋಗಿ ಎನ್ನುವ ನನ್ನ ಮಾತನ್ನೂ ಎಲ್ಲರೂ ಕೇಳಿದರೆ ಅಲ್ಲೂ ಜಂಗುಳಿಯಾಗದೆ ಎಂಬ ಚತುರ ಪ್ರಶ್ನೆಯನ್ನು ತಾವು ಎತ್ತಬಹುದು. ಆಗದು. ಬೆಳಗಿನ ಒಂಬತ್ತು ಗಂಟೆ ದಿನಕ್ಕೆ ಒಂದೇ ಸಲ ಬರುತ್ತದೆ. ಲೂವ್ರ್‌ನಲ್ಲಿ ಪ್ರದರ್ಶನಕ್ಕಿರುವ ಕೃತಿಗಳು ಸುಮಾರು 35,000, ಕೋಣೆಗಳು 400ಕ್ಕೂ ಹೆಚ್ಚು. ಒಂದು ಗಂಟೆಗೆ ಎಲ್ಲರೂ ಮುಗಿಬಿದ್ದರೆ ಉಸಿರುಗಟ್ಟುತ್ತದೆ. 400 ಕೋಣೆಗಳಿಗೆ ಎಲ್ಲರೂ ಹರಡಿಕೊಂಡರೆ ಒಬ್ಬರಿಗೊಬ್ಬರು ದಾರಿ ಬಿಡುವಷ್ಟು ಜಾಗ ಉಳಿಯುತ್ತದೆ.

ಆದ್ದರಿಂದ ಪಂಡಿತರಲ್ಲಿ ಒಂದೇ ಪ್ರಾರ್ಥನೆ. ತಮ್ಮ ಪಟ್ಟಿಯ ಮೊದಲ ಸಾಲನ್ನು ಹೊಡೆದುಹಾಕಿ, ಆ ಜಾಗದಲ್ಲಿ ರಿಶೆಲ್ಯೂ ಪಾರ್ಶ್ವದ ಹೆಸರು ಬರೆಯಿರಿ. ಖೋರ್ಸಬಾದಿನ ರೆಕ್ಕೆಯ ಗೂಳಿಗಳು, ಎರಡು ಮೀಟರಿಗೂ ಎತ್ತರದ ಕರಿಕಲ್ಲಿನಲ್ಲಿ ಕೊರೆದ ಹಮ್ಮುರಾಬಿಯ ಕಾನೂನು, ಮೇಲಿನ ಅಂತಸ್ತಿನಲ್ಲಿ ರೆಂಬ್ರಾಂಟ್, ವರ್ಮೀರ್ ಎಲ್ಲರೂ ಆ ಕಡೆಯೇ ಇದ್ದಾರೆ. ಅದನ್ನೆಲ್ಲ ನೋಡಿದ ಮೇಲೆ ಹೊತ್ತು ಉಳಿದರೆ ಮೊನಾಲಿಸಾಳ ಸಾಲಿಗೆ ಸೇರಿಕೊಳ್ಳಲಿ, ಬೇಸರವಿಲ್ಲ. ಸಾವಕಾಶ ಬೇಕಾದವರಿಗೆ ಬುಧವಾರ ಮತ್ತು ಶುಕ್ರವಾರ ರಾತ್ರಿ ಒಂಬತ್ತರವರೆಗೆ ಬಾಗಿಲು ತೆರೆದಿರುತ್ತದೆ ಎಂಬುದನ್ನೂ ಸೇರಿಸಿ. ಇಷ್ಟು ಹೇಳಿಯೂ ಸೂರ್ಯೋದಯಕ್ಕೆ ಎದ್ದು ಒಬ್ಬಂಟಿಯಾಗಿ ಲೂವ್ರ್ ಬಾಗಿಲಲ್ಲಿ ನಿಲ್ಲಲೇಬೇಕೆಂದು ಹಟ ಹಿಡಿಯುವ ಶಿಷ್ಯರಿದ್ದರೆ ಅವರಿಗೆ ಮಂಗಳವಾರ ಸೂಚಿಸಿ. ಅಂದು ಸಾಲೇ ಇರುವುದಿಲ್ಲ. ಸಂಗ್ರಹಾಲಯಕ್ಕೆ ವಾರದ ರಜೆ.

ಇಂತಿ ತಮ್ಮ ವಿಧೇಯ,
ತಡವಾಗಿ ಬರುವವರ ಪರವಾಗಿ ಒಬ್ಬ