ಸೀನಣ್ಣ ಹಿಡಿದ ಫೋಟೋ

ನೀವು ಫೋನ್ ಎತ್ತಿ ಯಾರದ್ದೋ ಫೋಟೋ ತೆಗೆಯಲು ಹೊರಟಾಗ ಬೆನ್ನ ಹಿಂದಿನಿಂದ ‘ಮೊದ್ಲು ಲೆನ್ಸ್ ಒರೆಸೋ’ ಎಂಬ ದನಿ ಕೇಳಿದರೆ ತಿರುಗಿ ನೋಡಬೇಕಿಲ್ಲ. ಅದು ಸೀನಣ್ಣ. ಅವನ ಜೇಬಿನಲ್ಲಿ ಕನ್ನಡಕ ಒರೆಸುವ ಬಟ್ಟೆ ಸದಾ ಇರುತ್ತದೆ, ಕನ್ನಡಕ ಇಲ್ಲ. ಹೋಳಿಗೆ ತಿಂದ ಬೆರಳಿನ ತುಪ್ಪ ಲೆನ್ಸಿಗೆ ತಾಗಿದರೆ ದೀಪಗಳ ಸುತ್ತ ಮಂಜು ಕವಿದಂತೆ ಬರುತ್ತದಂತೆ. ಅಂತೆಯೇನು, ನಿಜವೇ. ಅವನ ಜತೆಗಿನ ತೊಂದರೆಯೇ ಅದು, ಹೇಳುವುದೆಲ್ಲ ನಿಜ. ಸುಳ್ಳಾಗಿದ್ದರೆ ಬಾಯಿ ಮುಚ್ಚಿಸಬಹುದಿತ್ತು.

ನಮ್ಮ ಭಾವಮೈದ ಹೊಸ ಫೋನ್ ತಂದು ‘108 ಮೆಗಾಪಿಕ್ಸೆಲ್’ ಎಂದು ಬೀಗಿದ. ಸೀನಣ್ಣ ಹೇಳಿದ: ‘ಅಷ್ಟೋತ್ತರ ಪೂರ್ತಿ ಓದಿದ್ರೂ ಕೈಗೆ ಬರೋ ಪ್ರಸಾದ ಹನ್ನೆರಡೇ ಕಣೋ. 9 ಪಿಕ್ಸೆಲ್ ಸೇರಿಸಿ ಒಂದು ಮಾಡ್ತಾನೆ. ಸೆಟ್ಟಿಂಗ್ ನೋಡ್ಕೋ.’ ಭಾವಮೈದ ನೋಡಿಕೊಂಡ. ಊಟ ಸೇರಲಿಲ್ಲ.

ಮೈಸೂರಿನಲ್ಲಿ ಮದುವೆ ಮುಗಿಸಿ ಎಲ್ಲರೂ ಟೆಂಪೋದಲ್ಲಿ ಸೋಮನಾಥಪುರಕ್ಕೆ ಹೋದೆವು. ತಲುಪಿದಾಗ ಮಟಮಟ ಮಧ್ಯಾಹ್ನ. ಒಂದು ಗ್ರೂಪ್ ಫೋಟೋ ಹಿಡಿದು ಚಿತ್ರಾನ್ನದ ಡಬ್ಬಿ ಬಿಚ್ಚುವುದೆಂದು ನಮ್ಮ ಲೆಕ್ಕ. ಸೀನಣ್ಣ ಒಪ್ಪಲಿಲ್ಲ. ನೆತ್ತಿಯ ಮೇಲಿನ ಬಿಸಿಲಿಗೆ ಎಲ್ಲರ ಕಣ್ಣೂ ಗುಳಿಬಿದ್ದಂತೆ ಕಾಣುತ್ತದೆ. ಬಿಸಿಲು ಓರೆಯಾದರೆ ಗೋಡೆಯ ಸಾಲಾನೆಗಳು ಒಂದೊಂದೇ ಎದ್ದು ನಿಲ್ಲುತ್ತವೆ. ‘ಹದಿಮೂರನೇ ಶತಮಾನದಿಂದ ನಿಂತಿರೋ ಗುಡಿ. ನಾವು ನಾಲ್ಕು ಗಂಟೆವರೆಗೆ ಕಾಯೋಕಾಗಲ್ವಾ?’ ಎಂದ. ಗುಡಿಗೆ ಸಕ್ಕರೆ ಕಾಯಿಲೆ ಇರಲಿಲ್ಲ, ದೊಡ್ಡಪ್ಪನಿಗಿತ್ತು. ಅವರಿಗೆ ಮಾತ್ರ ಊಟಕ್ಕೆ ರಜೆ ಸಿಕ್ಕಿತು.

ನಾಲ್ಕಾಯಿತು. ಇನ್ನು ನಿಲ್ಲಿಸುವ ಕೆಲಸ. ‘ಗಿರಿಜತ್ತೆ, ನೀವು ಮಧ್ಯಕ್ಕೆ ಬನ್ನಿ’ ಎಂದ ಕೂಡಲೇ ಅತ್ತೆ ಸೆರಗು ಸರಿಮಾಡಿಕೊಂಡು ನಡುವೆ ಬಂದು ನಿಂತರು. ಈ ಕುಟುಂಬದಲ್ಲಿ ಕೊನೆಗೂ ಒಬ್ಬನಿಗಾದರೂ ಹಿರಿತನದ ಬೆಲೆ ಗೊತ್ತಾಯಿತಲ್ಲ ಎಂಬ ಕಳೆ ಮುಖದ ಮೇಲೆ. ಸೀನಣ್ಣ ಅಷ್ಟಕ್ಕೇ ಸುಮ್ಮನಿದ್ದಿದ್ದರೆ! ‘ವೈಡ್ ಲೆನ್ಸಲ್ಲಿ ಅಂಚಿಗೆ ನಿಂತೋರು ಅಗಲ ಆಗ್ತಾರೆ ಅತ್ತೆ. ಸಣ್ಣಗಿರೋರಾದ್ರೆ ತಡ್ಕೋತಾರೆ’ ಎಂದು ವಿವರಿಸಿಯೂ ಬಿಟ್ಟ. ಆ ಫೋಟೋದಲ್ಲಿ ಅತ್ತೆ ನಗುತ್ತಿರಲಾರರು ಎಂದು ನನ್ನ ಊಹೆ.

ಊಹೆ ಯಾಕೆಂದರೆ ಫೋಟೋ ನಾವ್ಯಾರೂ ನೋಡಿಲ್ಲ. ಅವನು ಪರದೆಯ ಮೇಲೆ ಮುಖವನ್ನು ಒತ್ತಿಹಿಡಿದು ಫೋಕಸ್ ಕಟ್ಟಿಹಾಕಿದ್ದು, ಬೆಳಕನ್ನು ಒಂದು ಚೂರು ಇಳಿಸಿದ್ದು, ಯಾರಾದರೂ ಕಣ್ಣು ಮುಚ್ಚಿಯಾರೆಂದು ಪಟಪಟ ಇಪ್ಪತ್ತು ಹೊಡೆದದ್ದು, ಎಲ್ಲ ಕಂಡಿದ್ದೇವೆ. ಆಮೇಲಿನದ್ದು ಸೀನಣ್ಣನ ಫೋನಿಗೇ ಗೊತ್ತು. ಕೇಳಿದರೆ ‘ವಾಟ್ಸಾಪಲ್ಲಿ ಕಳ್ಸಿದ್ರೆ ಕುಗ್ಗುತ್ತೆ’ ಅನ್ನುತ್ತಾನೆ. ಡಾಕ್ಯುಮೆಂಟ್ ಮಾಡಿ ಕಳಿಸು ಎಂದರೆ, ನೆರಳು ಸ್ವಲ್ಪ ಎತ್ತಬೇಕು, ಭಾನುವಾರ ಕೂತು ಮಾಡುತ್ತೇನೆ ಎನ್ನುತ್ತಾನೆ. ಯಾವ ಭಾನುವಾರ ಎಂದು ಕೇಳುವಷ್ಟು ಸಲಿಗೆ ಅತ್ತಿಗೆಗೂ ಇಲ್ಲ.

ಮಗಳ ನಾಮಕರಣದ ಫೋಟೋ ಕೇಳಿ ಕೇಳಿ ಅವನ ತಂಗಿ ಸೋತು ಸುಮ್ಮನಾದಳು. ಮೊನ್ನೆ ಆ ಮಗುವೇ ಫೋನ್ ಮಾಡಿತು: ‘ಮಾಮ, ನಾನು ಪಾಪು ಆಗಿದ್ದಾಗಿನ ಫೋಟೋ ಬೇಕು. ಸ್ಕೂಲಲ್ಲಿ ಮಿಸ್ ತರೋಕೆ ಹೇಳಿದಾರೆ.’

‘ಅದ್ಯಾಕೆ ಪುಟ್ಟಿ, ನಾನೇ ಸ್ಕೂಲಿಗೆ ಬಂದು ಹೊಸದು ತೆಗೀತೀನಿ. ನಿಮ್ಮ ಕ್ಲಾಸಿನ ಕಿಟಕಿ ಯಾವ ದಿಕ್ಕಿಗಿದೆ, ಹೇಳು?’