ಸುಬೇದಾರ್ ಬೋಪಯ್ಯನವರೂ ಬೈಪಾಡ್ ಹುಡುಗನೂ

ಆರ್.ಟಿ. ನಗರದ ಆ ಮನೆಯ ಕೆಳಗಡೆ ಸುಬೇದಾರ್ ಬೋಪಯ್ಯ, ಮೇಲ್ಗಡೆ ಬಾಡಿಗೆಗೆ ಕಿರಣ. ಒಬ್ಬರು ಸೇನೆಯಿಂದ ನಿವೃತ್ತರಾದ ವಿರಾಜಪೇಟೆಯವರು. ಇನ್ನೊಬ್ಬ ಹೆಬ್ಬಾಳದಾಚೆಯ ಟೆಕ್ ಪಾರ್ಕಿನಲ್ಲಿ ಕೀಲಿಮಣೆ ಕುಟ್ಟುವವನು. ಈಚೆಗೆ ಯಲಹಂಕದ ಕಡೆ ಶೂಟಿಂಗ್ ರೇಂಜೊಂದಕ್ಕೆ ಸೇರಿದ ಕಿರಣ ಸ್ವಂತಕ್ಕೊಂದು ಸ್ಪ್ರಿಂಗ್ ಏರ್ ರೈಫಲ್ ಕೊಂಡಿದ್ದ. ಈಗ ಅದಕ್ಕೆ ಮದುವೆ ಹೆಣ್ಣಿಗೆ ಹಾಕಿಸುವಂತೆ ಒಡವೆ ಹಾಕಿಸುವ ಸಂಭ್ರಮ. ಭಾನುವಾರ ಬೆಳಿಗ್ಗೆ ರೈಫಲ್ಲನ್ನೂ ಒಂದು ರಟ್ಟಿನ ಪೆಟ್ಟಿಗೆಯನ್ನೂ ಹೊತ್ತು ಕೆಳಗಿಳಿದ.

“ಅಂಕಲ್, ಇದನ್ನೆಲ್ಲ ಫಿಟ್ ಮಾಡಿಕೊಡ್ಬೇಕು.”

“ಮೊದಲು ಅದರ ಮೂತಿ ಗೋಡೆ ಕಡೆ ತಿರುಗಿಸು ಮಾರಾಯ. ನನ್ನ ಮಂಡಿಗೆ ಈಗಾಗಲೇ ಒಂದು ಆಪರೇಷನ್ ಆಗಿದೆ. ಲೋಡ್ ಉಂಟಾ?”

“ಛೇ, ಖಾಲಿ ಅಂಕಲ್.”

ಬೋಪಯ್ಯ ನಳಿಗೆಯನ್ನು ಸ್ವಲ್ಪವೇ ಬಗ್ಗಿಸಿ ಹಿಂಬದಿಯ ತೂತಿಗೆ ಇಣುಕಿದರು. ಸೀಸದ ಪೆಲೆಟ್ಟೊಂದು ಆರಾಮಾಗಿ ಕೂತಿತ್ತು. ಕ್ಲೀನಿಂಗ್ ಕಡ್ಡಿಯಿಂದ ಅದನ್ನು ಹೊರಗೆ ತಳ್ಳಿ ಹುಡುಗನ ಅಂಗೈ ಮೇಲಿಟ್ಟರು.

“ಇದೇನಾ ನಿನ್ನ ಖಾಲಿ? ಪೆಲೆಟ್ ಡಬ್ಬಿ ಪಕ್ಕದ ರೂಮಿಗೆ ಹೋಗ್ಲಿ. ಆಮೇಲೆ ಸ್ಕ್ರೂ ಮಾತು.”

ಡಬ್ಬಿ ಪಕ್ಕದ ರೂಮಿಗೆ ಹೋಯಿತು. ಪೆಟ್ಟಿಗೆಯಿಂದ ಮೊದಲು ಹೊರಬಂದದ್ದು ಎರಡು ಕಾಲಿನ ಬೈಪಾಡ್.

“ಎಂತ ಇದು? ನೀನು ಕಲಿಯೋದು 10 ಮೀಟರ್ ಏರ್ ರೈಫಲ್ ತಾನೆ? ಅದನ್ನ ನಿಂತ್ಕೊಂಡು ಹೊಡೀಬೇಕು. ಇದು ನೆಲ ಮುಟ್ಟಬೇಕಾದ್ರೆ ಯಶವಂತಪುರದ ಗೋದಾಮಿಂದ ಏಣಿ ತರಿಸ್ಬೇಕು. ಸ್ಪರ್ಧೇಲಿ ನಿಂತು ಹೊಡೆಯೋವಾಗ ತೋಳಿಗೆ ಬೆಲ್ಟ್ ಸುತ್ತಿಕೊಳ್ಳೋಕೂ ಬಿಡಲ್ಲ.”

“ಸ್ಕೋಪ್ ಆದ್ರೂ ಬೇಕಲ್ವಾ ಅಂಕಲ್?”

“ಸ್ಪರ್ಧೇಲಿ ದುರ್ಬೀನಿಗೆ ಜಾಗ ಇಲ್ಲ. ಹಿಂದೆ ಡಯಾಪ್ಟರ್, ಮುಂದೆ ಉಂಗುರದ ಸೈಟ್, ಅಷ್ಟೇ. ಎಲ್ಲಾ ಸೇರಿ ರೈಫಲ್ ಐದೂವರೆ ಕೆ.ಜಿ. ಮೀರೋ ಹಾಗಿಲ್ಲ. ನೀನು ಈ ಟಾರ್ಚು, ಲೇಸರ್ ಎಲ್ಲಾ ತಗುಲಿಸಿದ್ರೆ ತೂಕ ಹಾಕೋವ್ನೇ ವಾಪಸ್ ಕಳಿಸ್ತಾನೆ.”

ಕಾಫಿ ತಂದ ಬೋಪಯ್ಯನವರ ಹೆಂಡತಿ ಪೊನ್ನಮ್ಮ ಮೇಜಿನ ಮೇಲಿನ ಜಾತ್ರೆ ನೋಡಿ ನಿಂತರು. “ಇಷ್ಟೆಲ್ಲ ಇಟ್ಕೊಂಡು ಹೊಡೆಯೋದು ಏನನ್ನ ಕಿರಣ?”

“ಪೇಪರ್ ಆಂಟಿ. 45.5 ಮಿಲಿಮೀಟರ್ ಅಗಲದ ವೃತ್ತ, ನಡುವಿನ ಹತ್ತು ಅಂಕದ ಚುಕ್ಕೆ ಅರ್ಧ ಮಿಲಿಮೀಟರ್.”

“ಅಷ್ಟು ಕಣ್ಣು ಕಾಣುತ್ತಾ? ಹಾಗಾದ್ರೆ ಸಂಜೆ ಬಂದು ನನ್ನ ಸೂಜಿಗೆ ದಾರ ಪೋಣಿಸಿ ಹೋಗು.”

ಕಿರಣ ಸೋಲೊಪ್ಪುವವನಲ್ಲ. ಸ್ಪರ್ಧೆಗೆ ಬೇಡ, ಸುಮ್ಮನೆ ಅಭ್ಯಾಸಕ್ಕೆ ಸ್ಕೋಪ್ ಇರಲಿ ಎಂದ. ಮೌಂಟ್ ಕೂರಿಸಲು ಹೋದರೆ ಅದು ರೈಫಲ್ ಮೇಲೆ ಲೊಡಲೊಡ ಅಲ್ಲಾಡಿತು.

“ಹಿಡಿಯಲ್ಲ, ಮಗ. ಏರ್ ರೈಫಲ್ಲಿನ ಮೇಲಿರೋದು 11 ಮಿಲಿಮೀಟರಿನ ಡವ್‌ಟೇಲ್ ಹಳಿ. ನೀನು ತಂದಿರೋದು ಪಿಕಟಿನ್ನಿ ಮೌಂಟ್, ಅದು ಹೆಚ್ಚೂಕಡಿಮೆ ಇದರ ಎರಡರಷ್ಟು ಅಗಲ. ಇನ್ನೊಂದು ಕೇಳು. ಸ್ಪ್ರಿಂಗ್ ರೈಫಲ್ ಹಿಂದಕ್ಕೂ ಒದೆಯುತ್ತೆ, ಮುಂದಕ್ಕೂ ಒದೆಯುತ್ತೆ. ಅದನ್ನ ತಾಳೋ ಏರ್‌ಗನ್ ಸ್ಕೋಪೇ ಬೇರೆ. ಬೇರೆ ಯಾವುದೋ ಹಾಕಿದ್ರೆ ಒಳಗಿನ ಗಾಜು ಸಡಿಲ.”

“ಸರಿಯಾದ್ದು ತಂದ್ರೆ ಟೈಟ್ ಮಾಡೋದು ನಾನೇ ಮಾಡ್ಲಾ?”

“ಮಾಡು. ಆದ್ರೆ ಒಂದೇ ಸ್ಕ್ರೂನ ಕೊನೆ ತನಕ ತಿರುಗಿಸಬಾರದು. ಈ ಮೂಲೆಯಿಂದ ಎದುರು ಮೂಲೆಗೆ, ಕಾಲು ಸುತ್ತು, ಮತ್ತೆ ಕಾಲು ಸುತ್ತು. ಎಷ್ಟು ಬಿಗಿ ಅನ್ನೋದು ಡಬ್ಬದೊಳಗಿನ ಚೀಟಿಲಿ ಇರುತ್ತೆ, ಅದಕ್ಕೆ ಟಾರ್ಕ್ ಸ್ಕ್ರೂಡ್ರೈವರ್ ಸಿಗುತ್ತೆ. ತೋಳಿನ ಬಲ ತೋರಿಸಿದ್ರೆ ಸ್ಕೋಪಿನ ಕೊಳವೆ ಜಜ್ಜಿಹೋಗುತ್ತೆ. ಮತ್ತೆ ಸರಿ ಕೂತಿದೆಯಾ ನೋಡೋಕೆ ಅಂತ ಪೆಲೆಟ್ ಇಲ್ದೆ ಟ್ರಿಗರ್ ಎಳೀಬೇಡ. ತಡೆಯೋಕೆ ಗಾಳಿ ಇಲ್ದೆ ಪಿಸ್ಟನ್ ಹೋಗಿ ಬಡಿಯುತ್ತೆ.”

ಪೆಟ್ಟಿಗೆಯ ತಳದಲ್ಲಿ ಕಪ್ಪು ಕೊಳವೆಯೊಂದು ಉಳಿದಿತ್ತು. ಕಿರಣ ದನಿ ತಗ್ಗಿಸಿ, “ಸೈಲೆನ್ಸರ್” ಎಂದ.

ಬೋಪಯ್ಯನವರ ಮೀಸೆ ಒಮ್ಮೆ ಅಲುಗಿತು. “2016ರ ಆಯುಧ ನಿಯಮಗಳಲ್ಲಿ ಬಂದೂಕಿನ ಸದ್ದಡಗಿಸೋ ಸಾಮಾನು ನಿಷೇಧಿತ ವರ್ಗದಲ್ಲಿದೆ. ಇದು ಬರೀ ಏರ್‌ಗನ್ನಿಂದು ಅಂತ ಠಾಣೇಲಿ ಕೂತು ವಿವರಿಸ್ತೀಯಾ? ನಿನ್ನ ರೈಫಲ್ಲಿಗೆ ಲೈಸೆನ್ಸ್ ಬೇಡ, ಯಾಕಂದ್ರೆ ಅದರ ಬೋರ್ 4.5 ಮಿಲಿಮೀಟರ್, ಶಕ್ತಿ 20 ಜೌಲಿನ ಒಳಗೆ. ಶಕ್ತಿ ಹೆಚ್ಚಿಸ್ತೀನಿ ಅಂತ ದೊಡ್ಡ ಸ್ಪ್ರಿಂಗ್ ಹಾಕಿ ಆ ಗೆರೆ ದಾಟಿದ್ರೆ ಲೈಸೆನ್ಸ್ ಬೇಕು.”

“ನಿಮಗೇನು ಅಂಕಲ್, ಕೊಡವರಿಗೆ ಬಂದೂಕಿನ ಲೈಸೆನ್ಸಿಂದ ವಿನಾಯಿತಿ ಇದೆ.”

“ಇದೆ. ಆದ್ರೂ ನಮ್ಮ ತಾತ ಕೋವಿಗೆ ಸಿಗಿಸ್ತಿದ್ದ ಆಕ್ಸೆಸರಿ ಒಂದೇ. ಸೆಪ್ಟೆಂಬರಲ್ಲಿ ಕೈಲ್‌ಪೊಳ್ದ್ ಹಬ್ಬ ಬಂದಾಗ ನಳಿಗೆ ತುದಿಗೆ ಒಂದು ತೋಕ್ ಪೂ, ನೀವು ಗೌರಿ ಹೂ ಅಂತೀರಲ್ಲ ಅದು. ಪೂಜೆ ಮುಗಿದ ಮೇಲೆ ತೆಂಗಿನಕಾಯಿಗೆ ಗುರಿ. ಪ್ಯಾರಿಸ್ ಒಲಿಂಪಿಕ್ಸಲ್ಲಿ ಆ ಟರ್ಕಿಯವನನ್ನ ನೋಡ್ಲಿಲ್ವಾ, ಯೂಸುಫ್ ಡಿಕೆಚ್? ಮಾಮೂಲಿ ಕನ್ನಡಕ, ಒಂದು ಕೈ ಪ್ಯಾಂಟಿನ ಜೇಬಲ್ಲಿ. ಮಿಶ್ರ ತಂಡದ ಏರ್ ಪಿಸ್ತೂಲಲ್ಲಿ ಬೆಳ್ಳಿ.”

“ಅಂದ್ರೆ ಸಲಕರಣೆ ಮುಖ್ಯ ಅಲ್ಲ ಅಂತೀರಾ?”

“ಅಂದೆನಾ? ಟೋಕಿಯೋದಲ್ಲಿ ಮನು ಭಾಕರ್ ಪಿಸ್ತೂಲ್ ನಡುವಲ್ಲೇ ಕೆಟ್ಟು ಎಷ್ಟು ಹೊತ್ತು ಕಳ್ಕೊಂಡಳು! ಅದೇ ಹುಡುಗಿ ಪ್ಯಾರಿಸಲ್ಲಿ ಎರಡು ಕಂಚು ತಂದಳು. ನಮ್ಮ ಬೆಂಗಳೂರಿನ ತಿಲೋತ್ತಮಾ ಸೇನ್ ಶಾಲೆಗೆ ಹೋಗೋ ವಯಸ್ಸಲ್ಲಿ, 2023ರ ಕೈರೋ ವಿಶ್ವಕಪ್ಪಲ್ಲಿ ನಿನ್ನದೇ ಈ 10 ಮೀಟರ್ ಏರ್ ರೈಫಲಲ್ಲಿ ಕಂಚು ಗೆದ್ದಳು. ಸಲಕರಣೆ ಬೇಕು. ನಿಯಮಕ್ಕೆ ಒಪ್ಪೋದು, ಮೈಗೆ ಹೊಂದೋದು ಬೇಕು.”

ಮಾತು ಮುಗಿಸಿ ಬೋಪಯ್ಯ ಹಿತ್ತಲಿಗೆ ಹೋಗಿ, ಹುಲ್ಲು ಕತ್ತರಿಸುವ ಯಂತ್ರದ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ದಾರವನ್ನು ಮೀಟರಿನಷ್ಟು ಕತ್ತರಿಸಿ ತಂದರು. ಅದನ್ನು ನಳಿಗೆಯ ಈ ತುದಿಯಿಂದ ಆ ತುದಿಗೆ ತೂರಿಸಿ ಎರಡೂ ಕಡೆ ಕಾಣುವಂತೆ ಬಿಟ್ಟರು. “ಇದು ಸೇಫ್ಟಿ ಫ್ಲ್ಯಾಗ್. ದಾರ ಒಳಗಿದ್ರೆ ಪೆಲೆಟ್ ಒಳಗಿಲ್ಲ ಅಂತ ದೂರದಿಂದಲೇ ಗೊತ್ತಾಗುತ್ತೆ. ವಿಶ್ವಕಪ್ಪಲ್ಲೂ ಇದಿಲ್ದೆ ರೈಫಲ್ ಕೆಳಗಿಡೋ ಹಾಗಿಲ್ಲ.”

“ಇದಕ್ಕೆಷ್ಟು ಅಂಕಲ್?”

“ಸೂಜಿಗೆ ದಾರ ಪೋಣಿಸ್ತೀಯಲ್ಲ, ಅದಕ್ಕೆ ಇದು ಸರಿಹೋಯ್ತು,” ಎಂದರು ಪೊನ್ನಮ್ಮ.

ಕಿರಣನ ಪೆಟ್ಟಿಗೆಯಲ್ಲಿ ಕೊನೆಗೆ ಉಳಿದದ್ದು ಕಿವಿಗೆ ಇಡುವ ಪ್ಲಗ್, ಕಣ್ಣಿಗೆ ರಕ್ಷಣೆಯ ಕನ್ನಡಕ, ಅಲೆನ್ ಕೀಗಳ ಸೆಟ್ಟು ಮಾತ್ರ. ಮಿಕ್ಕದ್ದೆಲ್ಲ ಅಂಗಡಿಗೆ ವಾಪಸಾಯಿತು. ಹೊಸದಾಗಿ ರೈಫಲ್ ಹಿಡಿದವರು ಬೇಕಾದ್ದರ ಪಟ್ಟಿಯನ್ನು ದುಡ್ಡು ಕೊಡುವ ಮುಂಚೆಯೇ ತಮ್ಮ ರೇಂಜಿನ ಕೋಚ್‌ಗೆ ತೋರಿಸಿ. ಎಲ್ಲರ ಮನೆಯ ಕೆಳಗೂ ಒಬ್ಬ ಬೋಪಯ್ಯ ಇರುವುದಿಲ್ಲ.